ಮಕ್ಕಳ ಪಿಯಾನೊ ಪಾಠಕ್ಕೆ ಎರಡು ಪುಟದ ನಿಯಮಗಳು: ಸಹಿ ಹಾಕಬಹುದೇ?

ಏಳು ವರ್ಷದ ಮಗಳನ್ನು ಪಿಯಾನೊ ಪಾಠಕ್ಕೆ ಸೇರಿಸಲು ಹೋದಾಗ ಟೀಚರ್ ಎರಡು ಪುಟದ ನಿಯಮಗಳನ್ನು ಕೈಗಿತ್ತರು ಎಂದು ಬರೆದಿದ್ದೀರಿ. ಶುಲ್ಕ ಮುಂಗಡ, ತಪ್ಪಿದ ತರಗತಿಗೆ ಹಣ ವಾಪಸಿಲ್ಲ, ದಿನವೂ ಅಭ್ಯಾಸ, ಪಾಠದಲ್ಲಿ ಅಪ್ಪ ಅಥವಾ ಅಮ್ಮ ಕೂರಬೇಕು, ಮನೆಯಲ್ಲಿ 88 ಕೀಗಳ ವಾದ್ಯ ಇರಬೇಕು, ವರ್ಷಕ್ಕೊಂದು ಗ್ರೇಡ್ ಪರೀಕ್ಷೆ ಕಡ್ಡಾಯ. ಇಷ್ಟು ಬಿಗಿ ಬೇಕೆ, ಸಹಿ ಹಾಕಲೇ, ಬೇರೆಯವರನ್ನು ಹುಡುಕಲೇ ಎಂಬುದು ನಿಮ್ಮ ಪ್ರಶ್ನೆ.

ನಾನು ಬೆಂಗಳೂರಿನಲ್ಲಿ ಮನೆಯಲ್ಲೇ ಮಕ್ಕಳಿಗೆ ಪಿಯಾನೊ ಕಲಿಸುತ್ತೇನೆ. ನನ್ನ ಬಳಿಯೂ ಇಂಥದೇ ಒಂದು ಪತ್ರವಿದೆ. ನೀವು ಹೇಳಿದ ನಿಯಮಗಳಲ್ಲಿ ಕೊನೆಯದೊಂದನ್ನು ಬಿಟ್ಟು ಉಳಿದವನ್ನೆಲ್ಲ ಒಪ್ಪಿಕೊಳ್ಳಿ ಎನ್ನುತ್ತೇನೆ. ಕಾರಣಗಳನ್ನೂ ಹೇಳುತ್ತೇನೆ, ಏಕೆಂದರೆ ಕಾರಣ ತಿಳಿಯದೆ ಒಪ್ಪಿಕೊಂಡ ನಿಯಮ ಮೂರನೇ ತಿಂಗಳಿಗೆ ಜಗಳವಾಗುತ್ತದೆ.

ಮೊದಲು ಹಣದ ಮಾತು. ಮಕ್ಕಳು ಶಾಲೆಯಿಂದ ಬಂದು, ತಿಂಡಿ ತಿಂದು, ಪಾಠಕ್ಕೆ ಬರುವ ಹೊತ್ತಿಗೆ ನಾಲ್ಕೂವರೆ. ಏಳೂವರೆಯ ನಂತರ ಚಿಕ್ಕ ಮಕ್ಕಳಿಗೆ ಪಾಠ ಹತ್ತುವುದಿಲ್ಲ. ಇರುವುದು ಮೂರು ಗಂಟೆ, ಅಂದರೆ ಅರ್ಧ ಗಂಟೆಯಂತೆ ಆರು ಮಕ್ಕಳು. ಮಂಗಳವಾರ ಐದು ಗಂಟೆ ನಿಮ್ಮ ಮಗಳದು ಎಂದು ಗೊತ್ತಾದ ಮೇಲೆ ಅದನ್ನು ಬೇರೆ ಮಗುವಿಗೆ ಕೊಡಲಾಗುವುದಿಲ್ಲ. ಅವಳು ಹುಟ್ಟುಹಬ್ಬದ ಊಟಕ್ಕೆ ಹೋದರೂ ಆ ಅರ್ಧ ಗಂಟೆ ಅವಳ ಹೆಸರಿನಲ್ಲೇ ಕಳೆದುಹೋಗುತ್ತದೆ. ಶುಲ್ಕ ಆ ಜಾಗಕ್ಕೆ. ನಾನು ವರ್ಷಕ್ಕೆ 44 ತರಗತಿ ಎಂದು ಮೊದಲೇ ಹೇಳಿ, ಮೊತ್ತವನ್ನು ಹನ್ನೆರಡು ತಿಂಗಳಿಗೆ ಸಮನಾಗಿ ಹಂಚುತ್ತೇನೆ. ದಸರಾ, ಕ್ರಿಸ್‌ಮಸ್, ಬೇಸಿಗೆಯ ರಜೆಗಳೆಲ್ಲ ಉಳಿದ ಎಂಟು ವಾರಗಳಲ್ಲಿ ಬಂದುಹೋಗುತ್ತವೆ. ಹೀಗಿದ್ದರೆ ಈ ತಿಂಗಳು ನಾಲ್ಕು ಮಂಗಳವಾರವೇ, ಐದೇ ಎಂಬ ಲೆಕ್ಕಾಚಾರ ಏಳುವುದೇ ಇಲ್ಲ. ನಿಮ್ಮ ಟೀಚರ್ ವರ್ಷಕ್ಕೆ ಎಷ್ಟು ತರಗತಿ ಎಂದು ಬರೆದಿಲ್ಲವಾದರೆ ಕೇಳಿ ಬರೆಸಿಕೊಳ್ಳಿ.

ಮಾರ್ಚ್ ಬಂದರೆ ಶಾಲೆಯ ಪರೀಕ್ಷೆ ಎಂದು ಒಂದು ತಿಂಗಳು ಪಾಠ ನಿಲ್ಲಿಸಿ, ಏಪ್ರಿಲ್‌ನಲ್ಲಿ ಅದೇ ಸಮಯ ಬೇಕು ಎನ್ನುವ ತಂದೆ ತಾಯಂದಿರು ಬಹಳ. ಇದಕ್ಕೆ ನಾನು ಒಪ್ಪುವುದಿಲ್ಲ. ಎರಡನೇ ತರಗತಿಯ ಮಗುವಿಗೆ ವಾರದ ಅರ್ಧ ಗಂಟೆ ಪಿಯಾನೊದಿಂದ ಪರೀಕ್ಷೆ ಕೆಡುವುದಿಲ್ಲ.

ಕಾಯಿಲೆಯ ವಿಷಯವೇ ಬೇರೆ. ಜ್ವರ, ಸೀತಾಳೆ ಸಿಡುಬು, ಮದ್ರಾಸ್ ಕಣ್ಣು ಇದ್ದಾಗ ದಯವಿಟ್ಟು ಮಗುವನ್ನು ಕಳುಹಿಸಬೇಡಿ. ಒಂದೇ ಸಂಜೆ ಆರು ಮಕ್ಕಳ ಬೆರಳುಗಳು ಅದೇ ಕೀಗಳ ಮೇಲೆ ಓಡಾಡುತ್ತವೆ, ಆ ಬೆರಳುಗಳೇ ಕಣ್ಣುಜ್ಜಿಕೊಳ್ಳುತ್ತವೆ. ಇಂಥ ಗೈರುಹಾಜರಿಗೆ ಬದಲಿ ತರಗತಿ ಇರಬೇಕು, ಅಥವಾ ಕನಿಷ್ಠ ಮಗು ಚೇತರಿಸಿಕೊಳ್ಳುತ್ತಿರುವಾಗ ವಿಡಿಯೊ ಕರೆಯಲ್ಲಿ ಪಾಠವಾದರೂ ಇರಬೇಕು. ನಾನು ಪೋಷಕರ ಪಟ್ಟಿಯೊಂದನ್ನು ಹಂಚಿದ್ದೇನೆ. ಒಂದು ದಿನ ಮೊದಲೇ ಗೊತ್ತಾದರೆ ಅವರವರೇ ಫೋನ್ ಮಾಡಿ ಸಮಯ ಅದಲುಬದಲು ಮಾಡಿಕೊಳ್ಳುತ್ತಾರೆ. ನಿಮ್ಮ ಟೀಚರ್‌ಗೂ ಇದನ್ನು ಸೂಚಿಸಿ ನೋಡಿ.

ಇನ್ನು ದಿನದ ಅಭ್ಯಾಸ. ಈ ನಿಯಮ ಸಡಿಲವಾದರೆ ಉಳಿದ ನಿಯಮಗಳಿಂದ ಏನೂ ಪ್ರಯೋಜನವಿಲ್ಲ. ವಾರದಲ್ಲಿ ಅರ್ಧ ಗಂಟೆ ಟೀಚರ್ ಕಲಿಸಿದ್ದು ಬೆರಳಿಗೆ ಇಳಿಯುವುದು ಮನೆಯಲ್ಲಿ. ಏಳು ವರ್ಷದ ಮಗುವಿಗೆ ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು, ಆದರೆ ವಾರಕ್ಕೆ ಐದು ದಿನವಾದರೂ ಬೇಕು. ಭಾನುವಾರ ಒಮ್ಮೆಲೇ ಒಂದೂವರೆ ಗಂಟೆ ಕೂರಿಸಿದರೆ ಸೊಂಟ ನೋಯುತ್ತದೆಯೇ ಹೊರತು ವಿದ್ಯೆ ಬರುವುದಿಲ್ಲ.

ಅಭ್ಯಾಸ ಎಂದರೆ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ನುಡಿಸಿ ಎದ್ದುಹೋಗುವುದಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಬಲಗೈ ಹಾಡು ನುಡಿಸುತ್ತಿದೆ, ಎಡಗೈ ಸಿ, ಜಿ, ಇ, ಜಿ ಎಂಬ ಸ್ವರಗಳ ನಡುವೆ ತೂಗುತ್ತಿದೆ. ಮೂರನೇ ಬಾರ್‌ನಲ್ಲಿ, ಅಂದರೆ ಬರೆದ ಸಂಗೀತದಲ್ಲಿ ಗೆರೆ ಎಳೆದು ವಿಂಗಡಿಸಿದ ಮೂರನೇ ಭಾಗದಲ್ಲಿ, ಎಡಗೈ ಬಿ, ಜಿ, ಎಫ್, ಜಿ ಎಂದು ಬದಲಾಗಬೇಕು. ಅಲ್ಲಿ ಕಿರುಬೆರಳು ಸಿ ಬಿಟ್ಟು ಪಕ್ಕದ ಬಿಗೆ ಜಾರಬೇಕು, ನಡುಬೆರಳಿನ ಬದಲು ತೋರುಬೆರಳು ಎಫ್ ಒತ್ತಬೇಕು, ಹೆಬ್ಬೆರಳು ಮಾತ್ರ ಜಿ ಮೇಲೆಯೇ ಇರಬೇಕು. ಚಿಕ್ಕ ಕೈಗೆ ಇದು ದೊಡ್ಡ ಕೆಲಸ. ಮಗು ಅಲ್ಲಿ ಎಡವುತ್ತದೆ, ಎಡವಿದ ತಕ್ಷಣ ಮೊದಲಿಗೆ ಹೋಗುತ್ತದೆ, ಮತ್ತೆ ಅಲ್ಲೇ ಎಡವುತ್ತದೆ. ಹದಿನೈದು ನಿಮಿಷ ಕಳೆಯುವಷ್ಟರಲ್ಲಿ ಮೊದಲೆರಡು ಬಾರ್‌ಗಳು ಹೊಳೆಯುತ್ತಿರುತ್ತವೆ, ಮೂರನೆಯದು ಹಾಗೆಯೇ ಒರಟಾಗಿ ಉಳಿದಿರುತ್ತದೆ. ಮಾಡಬೇಕಾದದ್ದು ಬೇರೆ: ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಎಡಗೈಯ ಆ ಒಂದು ಬದಲಾವಣೆಯನ್ನು ಮಾತ್ರ, ಬೆರಳುಗಳನ್ನು ನೋಡುತ್ತ ನಿಧಾನವಾಗಿ ನುಡಿಸುವುದು. ಸರಿಯಾಗಿ ಮೂರು ಸಲ ಬಂದ ಮೇಲೆ ಬಲಗೈ ಸೇರಿಸುವುದು. ಆಮೇಲೆ ಒಂದು ಬಾರ್ ಹಿಂದಿನಿಂದ. ಕೊನೆಗೆ ಮೊದಲಿನಿಂದ. ಕರ್ನಾಟಕ ಸಂಗೀತ ಕಲಿತವರ ಮನೆಗೆ ಇದು ಹೊಸದಲ್ಲ; ಆರಂಭದ ಪಾಠವಾದ ಸರಳೆ ವರಸೆಯನ್ನು ನಿಧಾನದ ಮೊದಲ ಕಾಲದಲ್ಲಿ ಗಟ್ಟಿ ಮಾಡದೆ ಅದರ ಇಮ್ಮಡಿ ವೇಗದ ಎರಡನೇ ಕಾಲಕ್ಕೆ ಯಾವ ಗುರುವೂ ಬಿಡುವುದಿಲ್ಲ.

ಪಾಠದಲ್ಲಿ ನೀವು ಕೂರಬೇಕು ಎನ್ನುವುದೂ ಇದಕ್ಕಾಗಿಯೇ. ಏಳು ವರ್ಷದ ಮಗುವಿಗೆ ಮನೆಗೆ ಹೋಗುವಷ್ಟರಲ್ಲಿ ಅರ್ಧ ಮರೆತಿರುತ್ತದೆ. ಮೂಲೆಯಲ್ಲಿ ಕುಳಿತು, ಮೊಬೈಲ್ ಬದಿಗಿಟ್ಟು, ಯಾವ ಬೆರಳು, ಯಾವ ಬಾರ್, ಎಷ್ಟು ನಿಧಾನ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ನಿಮಗೆ ಪಿಯಾನೊ ಬರಬೇಕಾಗಿಲ್ಲ. ಜಪಾನಿನ ಶಿನಿಚಿ ಸುಜುಕಿ ಪಿಟೀಲು ಕಲಿಸಲು ರೂಪಿಸಿದ ಪದ್ಧತಿಯಲ್ಲಿ ತಂದೆ ಅಥವಾ ತಾಯಿ ಪಾಠದಲ್ಲಿ ಇರುವುದು ಅಡಿಪಾಯದಂಥ ಅಂಶ. ಪಿಯಾನೊಗೂ ಆ ಪದ್ಧತಿ ಬಂದಿದೆ. ಒಂದು ಕೋರಿಕೆ ಮಾತ್ರ: ಟೀಚರ್ ಪ್ರಶ್ನೆ ಕೇಳಿದಾಗ ಉತ್ತರವನ್ನು ಮಗುವೇ ಹೇಳಲಿ. ಹಿಂದಿನಿಂದ "ಹೇಳು ಪುಟ್ಟಿ, ಮೊನ್ನೆ ತಾನೇ ಹೇಳಿಕೊಟ್ಟಿರಲಿಲ್ಲವೇ" ಎಂಬ ದನಿ ಬಂದರೆ ಮಗುವಿನ ಕಣ್ಣು ಕೀಗಳನ್ನು ಬಿಟ್ಟು ಅಮ್ಮನ ಮುಖ ಹುಡುಕುತ್ತದೆ. ಒಂಬತ್ತು ಹತ್ತು ವರ್ಷವಾದ ಮೇಲೆ ಹೊರಗೆ ಕೂತರೂ ಸಾಕು. ಆದರೆ ತಂದೆ ತಾಯಿ ಒಳಗೆ ಬರಲೇಬಾರದು, ಬಾಗಿಲು ಮುಚ್ಚಿರಬೇಕು ಎನ್ನುವ ಜಾಗಕ್ಕೆ ಚಿಕ್ಕ ಮಗುವನ್ನು ಕಳುಹಿಸಬೇಡಿ. ಅದರಲ್ಲಿ ಎರಡನೆಯ ಯೋಚನೆಯೇ ಬೇಡ.

ವಾದ್ಯದ ಬಗ್ಗೆ ನಿಮಗೆ ಖರ್ಚಿನ ಚಿಂತೆ ಇದೆ, ಅದು ಸಹಜ. ಪಿಯಾನೊದಲ್ಲಿ 52 ಬಿಳಿ, 36 ಕಪ್ಪು, ಒಟ್ಟು 88 ಕೀಗಳು. ಆರಂಭದ ಪಾಠಗಳಿಗೆ ಅಷ್ಟೂ ಬೇಕಾಗುವುದಿಲ್ಲ. ಎಣಿಕೆಗಿಂತ ಮುಖ್ಯವಾದದ್ದು ಕೀಯ ತೂಕ. ನಿಜವಾದ ಪಿಯಾನೊದ ಕೀ ಒತ್ತಿದಾಗ ಒಳಗಿನ ಸುತ್ತಿಗೆ ಎದ್ದು ತಂತಿಗೆ ಹೊಡೆಯುತ್ತದೆ. ಬೆರಳು ಎಷ್ಟು ಬೇಗ ಇಳಿಯಿತೋ ನಾದ ಅಷ್ಟು ಜೋರು. ಹಗುರವಾದ ಪ್ಲಾಸ್ಟಿಕ್ ಕೀಗಳ ಮೇಲೆ ಕಲಿತ ಬೆರಳಿಗೆ ಈ ಅಂದಾಜು ಸಿಗುವುದಿಲ್ಲ. ಮನೆಯಲ್ಲಿ 61 ಕೀಗಳ ಕೀಬೋರ್ಡ್ ಇದ್ದರೆ ಮೊದಲ ಕೆಲವು ತಿಂಗಳು ಅದರಲ್ಲೇ ನಡೆಸಬಹುದೇ ಎಂದು ಕೇಳಿ. ಹೊಸದಾಗಿ ಕೊಳ್ಳುವುದಾದರೆ ಮಾತ್ರ ತೂಕದ ಕೀಗಳಿರುವ 88ರ ಡಿಜಿಟಲ್ ಪಿಯಾನೊ ಕೊಳ್ಳಿ. ಶ್ರುತಿ ಮಾಡಿಸುವ ಖರ್ಚಿಲ್ಲ, ಮಳೆಗಾಲದ ತೇವದ ಭಯ ಕಡಿಮೆ, ಹೆಡ್‌ಫೋನ್ ಹಾಕಿದರೆ ಅಪಾರ್ಟ್‌ಮೆಂಟಿನಲ್ಲಿ ದೂರೂ ಬರುವುದಿಲ್ಲ.

ಅದನ್ನು ಎಲ್ಲಿ ಇಡುತ್ತೀರಿ ಎನ್ನುವುದೂ ಅಷ್ಟೇ ಮುಖ್ಯ. ಊಟದ ಮೇಜಿನ ಮೇಲಿಟ್ಟರೆ ಭುಜ ಕಿವಿಯವರೆಗೆ ಏರುತ್ತದೆ, ಮಂಚದ ಮೇಲಿಟ್ಟರೆ ಬೆನ್ನು ಬಾಗುತ್ತದೆ. ಸ್ಟ್ಯಾಂಡ್ ಬೇಕು, ಮೊಣಕೈ ಕೀಗಳ ಮಟ್ಟಕ್ಕೆ ಬರುವಂತೆ ಕುರ್ಚಿ ಬೇಕು, ಕಾಲು ನೇತಾಡದಂತೆ ಒಂದು ಮಣೆ ಬೇಕು. ಬೀರುವಿನ ಮೇಲಿಂದ ದಿನವೂ ಇಳಿಸಬೇಕಾದ ವಾದ್ಯವನ್ನು ವಾರದೊಳಗೆ ಯಾರೂ ಇಳಿಸುವುದಿಲ್ಲ. ಉಗುರು ಕತ್ತರಿಸಿರಬೇಕು ಎಂಬ ಸಾಲು ನಿಮ್ಮ ಪತ್ರದಲ್ಲಿ ಇಲ್ಲದಿದ್ದರೂ ಪಾಲಿಸಿ. ಉಗುರು ಉದ್ದವಿದ್ದರೆ ಬೆರಳು ದುಂಡಗೆ ಬಾಗದೆ ಚಪ್ಪಟೆಯಾಗಿ ಮಲಗುತ್ತದೆ.

ಈಗ ನಾನು ಒಪ್ಪದ ನಿಯಮ: ವರ್ಷಕ್ಕೊಂದು ಪರೀಕ್ಷೆ. ನಮ್ಮಲ್ಲಿ ಹೆಚ್ಚಾಗಿ ಲಂಡನ್ನಿನ ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂ ಎಂಬ ಸಂಸ್ಥೆಗಳು ನಡೆಸುವ, ಗ್ರೇಡ್‌ನಿಂದ ಗ್ರೇಡ್‌ಗೆ ಕಷ್ಟವಾಗುತ್ತ ಹೋಗುವ ಪರೀಕ್ಷೆ ಕೊಡಿಸುತ್ತಾರೆ. ಟ್ರಿನಿಟಿಯಲ್ಲಿ 100ಕ್ಕೆ 60, ಎಬಿಆರ್‌ಎಸ್‌ಎಂನಲ್ಲಿ 150ಕ್ಕೆ 100 ಬಂದರೆ ಉತ್ತೀರ್ಣ. ಪರೀಕ್ಷೆಗಳು ಒಳ್ಳೆಯವೇ; ಸಿದ್ಧವಾದ ಮಗುವಿಗೆ ಗುರಿ ಕೊಡುತ್ತವೆ. ತೊಂದರೆ ಬರುವುದು ಕಡ್ಡಾಯದಿಂದ. ಪಠ್ಯದ ಮೂರು ತುಣುಕುಗಳನ್ನೇ ವರ್ಷವಿಡೀ ಉಜ್ಜಿ, ಗ್ರೇಡ್ ಮೂರರ ಪ್ರಮಾಣಪತ್ರ ಹಿಡಿದು ನನ್ನ ಬಳಿ ಬಂದ ಮಕ್ಕಳಿದ್ದಾರೆ. ಗ್ರೇಡ್ ಒಂದರ ಮಟ್ಟದ ಹೊಸ ಪುಟವನ್ನು ಮುಂದಿಟ್ಟರೆ ಅವರಿಗೆ ಓದಲು ಬರುವುದಿಲ್ಲ. ಅದು ಆ ಮಕ್ಕಳ ತಪ್ಪಲ್ಲ, ಅವರಿಗೆ ಓದುವುದನ್ನು ಕಲಿಸಲು ಯಾರಿಗೂ ಸಮಯವೇ ಇರಲಿಲ್ಲ. ವರ್ಷಕ್ಕೆ ಮೂರು ತುಣುಕು ಕಲಿತ ಮಗುವಿಗಿಂತ ಮೂವತ್ತು ಚಿಕ್ಕ ಹಾಡು ಓದಿ ನುಡಿಸಿದ ಮಗು ಬಹಳ ಮುಂದೆ ಹೋಗುತ್ತದೆ. ಪರೀಕ್ಷೆಯ ಶುಲ್ಕ ಪಾಠದ ಶುಲ್ಕಕ್ಕಿಂತ ಬೇರೆ ಎನ್ನುವುದೂ ನೆನಪಿರಲಿ.

ಇನ್ನೊಂದು ಮಾತು. ನೀವು ಬರೆದಿರುವುದೆಲ್ಲ ನಿಮ್ಮ ಕಡೆಯ ಕರ್ತವ್ಯಗಳು. ಟೀಚರ್ ಕಡೆಯವು ಎಲ್ಲಿವೆ? ಅವರೇ ಪಾಠ ರದ್ದು ಮಾಡಿದರೆ ಬದಲಿ ತರಗತಿ ಅಥವಾ ಹಣ ಖಂಡಿತ ಸಿಗಬೇಕು. ಸಮಯಕ್ಕೆ ಸರಿಯಾಗಿ ಶುರುವಾಗಬೇಕು. ಮಗುವಿನ ವಿಡಿಯೊವನ್ನು ನಿಮ್ಮ ಒಪ್ಪಿಗೆಯಿಲ್ಲದೆ ಎಲ್ಲಿಯೂ ಹಾಕಬಾರದು. ತಪ್ಪಿದ ಬೆರಳಿಗೆ ಪೆಟ್ಟು ಕೊಡುವುದು ಯಾವ ಹೆಸರಿನಲ್ಲಿಯೂ ಕೂಡದು. ಪಾಠ ಬಿಡಬೇಕೆನಿಸಿದರೆ ಎರಡೂ ಕಡೆಯವರು ಎಷ್ಟು ದಿನ ಮೊದಲು ಹೇಳಬೇಕು ಎನ್ನುವುದೂ ಬರಹದಲ್ಲಿರಲಿ. ಒಂದು ತಿಂಗಳು ನ್ಯಾಯವಾದ ಅವಧಿ.

ಹಾಗಾಗಿ ಟೀಚರ್ ಬಳಿ ಮತ್ತೊಮ್ಮೆ ಹೋಗಿ, ಈ ಸಾಲುಗಳನ್ನು ಸೇರಿಸಲು ಕೇಳಿ. "ಪರೀಕ್ಷೆ ಕಡ್ಡಾಯ" ಎಂಬಲ್ಲಿ "ಮಗು ಸಿದ್ಧವಾದಾಗ, ಪೋಷಕರೊಡನೆ ಮಾತನಾಡಿ" ಎಂದು ತಿದ್ದುತ್ತೀರಾ ಎಂದೂ ಕೇಳಿ. ಇಷ್ಟು ಕರಾರುವಾಕ್ಕಾಗಿ ನಿಯಮ ಬರೆದವರು ಸಾಮಾನ್ಯವಾಗಿ ಮಾತಿಗೂ ಸಿಗುತ್ತಾರೆ. ಒಪ್ಪಿದರೆ ಸಹಿ ಹಾಕಿ, ಇದೇ ವಾರದಿಂದ ಕಳುಹಿಸಿ. ಪರೀಕ್ಷೆಯ ವಿಷಯದಲ್ಲಿ ಒಂದಿಷ್ಟೂ ಬಗ್ಗದಿದ್ದರೆ ಬೇರೆಯವರನ್ನು ಹುಡುಕಿ. ಅವರ ಬಳಿಯೂ ಬರೆದ ನಿಯಮಗಳಿವೆಯೇ ಎಂದು ಮೊದಲು ವಿಚಾರಿಸಿ.