ಅಕ್ಟೋಬರ್ ಮೊದಲ ವಾರ ದಕ್ಷಿಣ ಗೋವಾದ ಪಾಲೋಲೆಂ ತೀರಕ್ಕೆ ಬರಬಹುದೇ?

ಬನ್ನಿ, ಆದರೆ ಆ ವರ್ಷ ದಸರಾ ಯಾವಾಗ ಬಿದ್ದಿದೆ ಎಂದು ಮೊದಲು ನೋಡಿಕೊಳ್ಳಿ. ಗೋವಾ ತೀರದಲ್ಲಿ ಪ್ರವಾಸಿಗರು ತಂಗುವ ಗುಡಿಸಲಿಗೂ ದಸರಾಕ್ಕೂ ಎತ್ತಣಿಂದೆತ್ತ ಸಂಬಂಧ ಎಂದು ಬೆಂಗಳೂರಿನವರಾದ ನಿಮಗೆ ಅನಿಸಬಹುದು. ಕಾರವಾರದಿಂದ ಬಂದು, ಪಾಲೋಲೆಂ ಇರುವ ಕಾಣಕೋಣ ತಾಲ್ಲೂಕಿನಲ್ಲಿ ನೆಲೆಸಿದ ನಮ್ಮಂಥವರಿಗೆ ಇದು ಪ್ರತಿವರ್ಷದ ಲೆಕ್ಕ.

ಪಾಲೋಲೆಂ, ಪಾಟ್ನೆಂ, ಆಗೊಂದ ತೀರದ ಗುಡಿಸಲುಗಳಲ್ಲಿ ಹೆಚ್ಚಿನವು ತಾತ್ಕಾಲಿಕ. ಮಳೆಗಾಲಕ್ಕೆ ಮುಂಚೆ ಎಲ್ಲವನ್ನೂ ಬಿಚ್ಚಿಡಬೇಕು. ಬಿಚ್ಚುವಾಗ ಪ್ಲೈವುಡ್ ಹಲಗೆಯ ಬೆನ್ನಿಗೆ ಬಣ್ಣದಲ್ಲಿ ‘7 ಎಡ’, ‘7 ಹಿಂದೆ’ ಎಂದು ಬರೆದಿಡುತ್ತಾರೆ. ಮಾಲೀಕನ ಮನೆಮಾತು ಕೊಂಕಣಿ, ಅತಿಥಿ ರಷ್ಯಾದವನು, ಹಲಗೆಯ ಬೆನ್ನಿನ ಬರಹ ಮಾತ್ರ ಕನ್ನಡ. ಬರೆದವನೇ ಮರಳಿ ಬಂದರೆ ಕೆಲಸ ಸರಾಗ. ಹೊಸಬ ಬಂದರೆ ಯಾವ ಗೋಡೆ ಯಾವ ಗುಡಿಸಲಿನದು ಎಂದು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಅಷ್ಟರಲ್ಲಿ ಉಪ್ಪುಗಾಳಿಗೆ ನಟ್ಟು ಬೋಲ್ಟು ತುಕ್ಕು ಹಿಡಿದಿರುತ್ತವೆ, ಹಾಸಿಗೆಗೆ ಬೂಷ್ಟು ಬಂದಿರುತ್ತದೆ, ವಯರನ್ನು ಇಲಿ ಕಡಿದಿರುತ್ತದೆ. ಪಂಚಾಯಿತಿ, ಮಾಲಿನ್ಯ ಮಂಡಳಿಯ ಕಾಗದಪತ್ರಗಳ ಓಡಾಟ ಬೇರೆ; ಅದು ಮಾಲೀಕರ ತಲೆನೋವು.

ಈ ಕೆಲಸಕ್ಕೆ ಬರುವವರಲ್ಲಿ ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರದ ಕಡೆಯವರು ಬಹಳ. ಮುಂಗಾರು ಹಿಡಿಯುವ ಹೊತ್ತಿಗೆ ಊರಿಗೆ ಹೋಗುತ್ತಾರೆ. ಚೌತಿ ಮುಗಿದದ್ದೇ ತಡ, ಇಲ್ಲಿಂದ ಫೋನು ಶುರು. ಆದರೆ ಅದೇ ಹೊತ್ತಿಗೆ ಎರೆಹೊಲ ಹಿಂಗಾರಿ ಬಿಳಿಜೋಳಕ್ಕೆ, ಕಡಲೆಗೆ ಹದವಾಗಿರುತ್ತದೆ. ‘ಬಿತ್ತಿ ಬರುತ್ತೇನೆ ಶೇಠ್’ ಎಂಬ ಉತ್ತರಕ್ಕೆ ಯಾವ ಶೇಠನ ಬಳಿಯೂ ಮರುಮಾತಿಲ್ಲ. ಬಿತ್ತಿದ ಮೇಲೆ ದಸರಾಕ್ಕೆ ಬನ್ನಿ ಮುಡಿಯಬೇಕು, ಅದರ ಬೆನ್ನಿಗೇ ಬರುವ ಸೀಗೆ ಹುಣ್ಣಿಮೆಗೆ ಹೊಲದಲ್ಲಿ ಚರಗ, ಅಂದರೆ ಭೂತಾಯಿಗೆ ನೈವೇದ್ಯ, ಚೆಲ್ಲಬೇಕು; ಆಮೇಲೇ ಇತ್ತ ಹೊರಡುವುದು. ವಿಜಯದಶಮಿ 2025ರಲ್ಲಿ ಅಕ್ಟೋಬರ್ 2ಕ್ಕೇ ಬಂತು, 2023ರಲ್ಲಿ 24ರವರೆಗೆ ಎಳೆದಿತ್ತು. ವಿದೇಶಿ ಚಾರ್ಟರ್ ವಿಮಾನಗಳು ಅಕ್ಟೋಬರ್‌ನಲ್ಲಿ ಇಳಿಯತೊಡಗುತ್ತವೆ; ಅವು ನಮ್ಮ ಪಂಚಾಂಗ ನೋಡುವುದಿಲ್ಲ. ಅವರ ಊರ ಕಡೆ ಹಿಂಗಾರು ಮಳೆ ಕೈಕೊಟ್ಟ ವರ್ಷ ಇಲ್ಲಿ ಆಳುಗಳು ಬೇಗ ಸಿಗುತ್ತಾರೆ. ಇದನ್ನು ಸಂತೋಷದಿಂದ ಹೇಳುತ್ತಿಲ್ಲ.

ಈ ಆಳುಗಳಿಲ್ಲದೆ ಸೀಸನ್ ಇಲ್ಲ ಎಂಬುದು 2020ರಲ್ಲಿ ಎದ್ದು ಕಂಡಿತು. ಗೋವಾ ಸರ್ಕಾರ ಜುಲೈ 2ರಿಂದ ಹೋಟೆಲು ತೆರೆಯಲು ಅನುಮತಿ ಕೊಟ್ಟಿತು. ಮುಂಗಡ ಬುಕಿಂಗ್ ಇರಬೇಕು, ಕೋವಿಡ್ ಇಲ್ಲವೆಂಬ ಪ್ರಮಾಣಪತ್ರ ಬೇಕು, ಇಲ್ಲವೇ ಬಂದ ಮೇಲೆ ಪರೀಕ್ಷೆ. ನಮ್ಮ ಕಡೆ ಚರ್ಚೆಯೆಲ್ಲ ಸ್ಯಾನಿಟೈಸರ್, ಜ್ವರ ಅಳೆಯುವ ಯಂತ್ರ, ಮೇಜುಗಳ ನಡುವಿನ ಅಂತರದ ಸುತ್ತಲೇ ಸುತ್ತಿತು. ಹಾಸಿಗೆ ಹಾಸುವವನು, ಪಾತ್ರೆ ತೊಳೆಯುವವಳು ಲಾಕ್‌ಡೌನ್‌ನಲ್ಲಿ ಊರು ಸೇರಿದ್ದರು. ಕರ್ನಾಟಕ-ಗೋವಾ ನಡುವಿನ ಪೊಳೆಂ ಗಡಿ ದಾಟಿ ಅವರು ಮರಳುವುದು ಹೇಗೆ, ಬಂದರೆ ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುವ ಬಿಡಾರದಲ್ಲಿ ಅಂತರ ಕಾಯುವುದು ಹೇಗೆ ಎಂದು ಕೇಳಿದವರು ಕಡಿಮೆ. ಬಿಡಾರದ ಸ್ಥಿತಿ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ನನ್ನನ್ನು ಕೇಳಿದರೆ, ಸೀಸನ್ನಿನ ತಯಾರಿ ಬಿಡಾರಕ್ಕೆ ಸುಣ್ಣ ಹೊಡೆದು, ಊರಿನಿಂದ ಬರುವ ಬಸ್ಸಿನ ದುಡ್ಡು ಕೊಡುವುದರಿಂದ ಶುರುವಾಗಬೇಕು. ಹಾಗೆ ಮಾಡುವ ಮಾಲೀಕರೂ ಇದ್ದಾರೆ. ಅವರ ಗುಡಿಸಲುಗಳೇ ಮೊದಲು ಎದ್ದು ನಿಲ್ಲುತ್ತವೆ.

ಊಟಕ್ಕೆ ಚಿಂತೆ ಬೇಡ. ಯಾಂತ್ರೀಕೃತ ಮೀನುಗಾರಿಕೆಯ ನಿಷೇಧ ಜುಲೈ 31ಕ್ಕೇ ಮುಗಿಯುವುದರಿಂದ ಮೀನಿಗೆ ಬರವಿಲ್ಲ. ತರಕಾರಿ ಬೆಳಗಾವಿಯಿಂದ ಚೋರ್ಲಾ ಘಾಟಿ ಇಳಿದು ಬರುತ್ತದೆ. ಘಾಟಿಯಲ್ಲಿ ಗುಡ್ಡ ಕುಸಿದ ದಿನ ಮಾತ್ರ ಟೊಮೆಟೊ ದರ ಕೇಳಬೇಡಿ.

ದಸರಾ ತಡವಾಗಿರುವ ವರ್ಷ ಮೊದಲ ವಾರವೇ ಬರುವುದಾದರೆ ತೀರದ ಗುಡಿಸಲಿನ ಆಸೆ ಬಿಡಿ. ಹಿಂದಿನ ರಸ್ತೆಯ ಸಿಮೆಂಟಿನ ಕೋಣೆ ಹಿಡಿಯಿರಿ, ಚೌಕಾಸಿ ಮಾಡಿ, ಬಾಡಿಗೆ ಇಳಿಯುತ್ತದೆ. ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಬೆಳಿಗ್ಗೆ ಕಾರವಾರಕ್ಕೆ ಬಂದಿಳಿದರೆ ಮಡಗಾಂವ್ ಕಡೆಯ ಬಸ್ಸು ಸಿಗುತ್ತದೆ. ಕಾಣಕೋಣದ ಚಾವಡಿಯಲ್ಲಿ ಇಳಿಯಿರಿ. ಪಾಲೋಲೆಂ ಅಲ್ಲಿಂದ ಹತ್ತಿರ.