ಪೋರ್ಟ್ರೇಟ್, ಸಾಕುಪ್ರಾಣಿ, ಪ್ರಕೃತಿ: ಮೂರರಲ್ಲಿ ಒಂದನ್ನೇ ಹಿಡಿದು ಅದಕ್ಕೊಂದು ಹೊಸ ಲೆನ್ಸ್ ಕೊಳ್ಳಲಾ?

ಯಾವುದನ್ನೂ ಬಿಡಬೇಡಿ. ಲೆನ್ಸನ್ನೂ ಈಗಲೇ ಕೊಳ್ಳಬೇಡಿ.

ಮನುಷ್ಯರ ಫೋಟೋ ಚೆನ್ನಾಗಿ ಬರುತ್ತೆ, ಬೆಕ್ಕಿನದು ಮಸುಕು, ಹೂವಿನದು ಅರ್ಧ ಸರಿ ಅರ್ಧ ಹಾಳು ಎಂದು ಬರೆದಿದ್ದೀರಿ. ಓದುತ್ತಾ ನಗು ಬಂತು. ನಾನೂ ಒಂದು ಕಾಲದಲ್ಲಿ "ನನಗೆ ಪ್ರಾಣಿಗಳ ಫೋಟೋ ಒಗ್ಗಲ್ಲ" ಎಂದು ಕೈ ತೊಳೆದುಕೊಂಡಿದ್ದೆ. ಕ್ಯಾಮೆರಾದ ಮೆನುವಿನಲ್ಲಿ ಕೂತಿದ್ದ ಒಂದೇ ಒಂದು ಅಂಕಿ ಇಷ್ಟಕ್ಕೆಲ್ಲ ಕಾರಣ ಅಂತ ಗೊತ್ತಾಗುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಆಗ ಪೋರ್ಟ್ರೇಟ್ ಕೆಲಸವೇ ಜಾಸ್ತಿ. ಕಿಟಕಿ ಪಕ್ಕ ಕೂರಿಸೋದು, ಬೆಳಕು ಒಂದು ಕೆನ್ನೆಗೆ ಬೀಳುವ ಹಾಗೆ ಮುಖ ತಿರುಗಿಸೋದು, 85 ಎಂಎಂ ಲೆನ್ಸಿನಲ್ಲಿ ಎಫ್ 1.8 ಇಟ್ಟು, ಅಂದರೆ ಲೆನ್ಸಿನ ಕಿಂಡಿ ಅಗಲವಾಗಿ ತೆರೆದು, ಕ್ಲಿಕ್ ಮಾಡೋದು. ಶಟರ್ ಸ್ಪೀಡ್, ಅಂದರೆ ಕ್ಯಾಮೆರಾ ಎಷ್ಟು ಹೊತ್ತು ಬೆಳಕು ಒಳಗೆ ಬಿಡುತ್ತದೆ ಅನ್ನೋದು, ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಆಟೋ. ಕನಿಷ್ಠ ಶಟರ್ ಸ್ಪೀಡ್ 1/125 ಸೆಕೆಂಡ್ ಎಂದು ಮೆನುವಿನಲ್ಲಿ ಯಾವಾಗಲೋ ಕೊಟ್ಟಿದ್ದೆ. ಅದು ಅಲ್ಲೇ ಇತ್ತು, ನಾನು ಮರೆತಿದ್ದೆ.

ಹೀಗಿರುವಾಗ, ಮೊದಲೇ ಪೋರ್ಟ್ರೇಟ್ ತೆಗೆಸಿಕೊಂಡಿದ್ದ ಒಬ್ಬರು ಫೋನ್ ಮಾಡಿ, ನಮ್ಮ ನಾಯಿದೂ ತೆಗೆದುಕೊಡ್ತೀರಾ ಎಂದು ಕೇಳಿದರು. ಕಪ್ಪು ನಾಯಿ. ವಯಸ್ಸಾಗಿ ಮೂತಿ ನರೆತಿತ್ತು. ಹಿಂಗಾಲಿನ ನೋವು ಶುರುವಾಗಿತ್ತು. ಆದರೆ ಅವರು ಹೆಸರು ಹಿಡಿದು ಕೂಗಿದರೆ ಸಾಕು, ಇನ್ನೂ ಓಡಿ ಬರುತ್ತಿತ್ತು. "ಕೂತಿರೋದು ಫೋನಲ್ಲೇ ಬೇಕಾದಷ್ಟಿದೆ. ಓಡಿ ಬರೋದು ಒಂದು ಬೇಕು" ಅಂದರು.

ಓಡಿ ಬಂತು. ಕಿವಿ ಎರಡೂ ಹಿಂದಕ್ಕೆ, ನಾಲಿಗೆ ಪಕ್ಕಕ್ಕೆ. ಕ್ಯಾಮೆರಾದ ಹಿಂದಿನ ಪುಟ್ಟ ಸ್ಕ್ರೀನಿನಲ್ಲೇ ಅವರಿಗೆ ತೋರಿಸಿದೆ. ಅವರಿಗೆ ಖುಷಿ, ನನಗೂ ಖುಷಿ. ಮನೆಗೆ ಬಂದು ಕಂಪ್ಯೂಟರಿನಲ್ಲಿ 100% ಝೂಮ್ ಮಾಡಿದರೆ ಒಂದರಲ್ಲೂ ಕಣ್ಣಿಲ್ಲ! ಕಣ್ಣಿರಬೇಕಾದ ಜಾಗದಲ್ಲಿ ಹೆಬ್ಬೆರಳಿನಿಂದ ಒರೆಸಿದ ಹಾಗೆ ಒಂದು ಗೀರು. ಕಾಲಡಿಯ ಹುಲ್ಲು ಮಾತ್ರ ಎಳೆ ಎಳೆಯಾಗಿ ಸ್ಪಷ್ಟ.

ಆ ಹುಲ್ಲನ್ನು ನಾನು ಅವತ್ತೇ ಸರಿಯಾಗಿ ನೋಡಬೇಕಿತ್ತು. ನೋಡಲಿಲ್ಲ. ಲೆನ್ಸ್ ಫೋಕಸ್ ತಪ್ಪುತ್ತಿದೆ ಎಂದು ಲೆನ್ಸನ್ನು ಬೈದೆ. ನಿಮ್ಮ ಹಾಗೇ ಹೊಸ ಲೆನ್ಸ್ ಹುಡುಕಲು ಕೂತೆ.

ಇದನ್ನು ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. 1/125 ಸಾಕು ಎಂದು ನಾನು ನಂಬಿದ್ದಕ್ಕೆ ಕಾರಣ ಇತ್ತು. ಲೆನ್ಸ್ ಎಷ್ಟು ಎಂಎಂ ಇದೆಯೋ, ಶಟರ್ ಅದಕ್ಕಿಂತ ನಿಧಾನ ಆಗಬಾರದು ಅನ್ನೋ ಲೆಕ್ಕ ನಿಮಗೂ ಯಾರೋ ಹೇಳಿರುತ್ತಾರೆ. 85 ಎಂಎಂ ಅಂದರೆ 1/85 ಸೆಕೆಂಡ್. ನಾನು 1/125 ಇಟ್ಟಿದ್ದೇನೆ, ಧಾರಾಳ ಆಯ್ತು ಅಂದುಕೊಂಡಿದ್ದೆ. ಆದರೆ ಆ ಲೆಕ್ಕ ಇರೋದು ನಮ್ಮ ಕೈ ನಡುಕಕ್ಕೆ. ಎದುರಿಗಿರುವ ಜೀವ ಅಲ್ಲಾಡುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಸ್ಟೆಬಿಲೈಸರ್ ಕಥೆಯೂ ಅಷ್ಟೇ. ಅದು ಹಿಡಿದು ನಿಲ್ಲಿಸೋದು ಕ್ಯಾಮೆರಾವನ್ನು, ನಾಯಿಯನ್ನಲ್ಲ.

ನೀವೇ ಲೆಕ್ಕ ಹಾಕಿ. ಓಟ ಬಿಡಿ, ನಾಯಿ ಸುಮ್ನೆ ತಲೆ ತಿರುಗಿಸಿತು ಅನ್ನಿ. ಸೆಕೆಂಡಿಗೆ ಒಂದು ಮೀಟರ್ ವೇಗ ಅಂದುಕೊಂಡರೆ 1/125 ಸೆಕೆಂಡಿನಲ್ಲಿ ತಲೆ 8 ಮಿಲಿಮೀಟರ್ ಸರಿದಿರುತ್ತದೆ. ನಾಯಿಯ ಕಣ್ಣುಗುಡ್ಡೆ ಇರೋದೇ ಸುಮಾರು ಎರಡು ಸೆಂಟಿಮೀಟರ್. ಹತ್ತಿರ ಹತ್ತಿರ ಅರ್ಧ ಕಣ್ಣು ಫೋಟೋದಲ್ಲಿ ಒರೆಸಿಹೋಯಿತು. 1/1000ದಲ್ಲಾದರೆ ಸರಿಯೋದು ಒಂದೇ ಮಿಲಿಮೀಟರ್. ಓಡುವಾಗಂತೂ ತಲೆ ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ.

ಹಾಗಾದರೆ ಮೆನುವಿನಲ್ಲಿ ಕೊಡುವಾಗಲೇ 1/1000 ಯಾಕೆ ಇಡಲಿಲ್ಲ? ಐಎಸ್ಒ ಭಯ. 1/125ರಿಂದ 1/1000ಕ್ಕೆ ಹೋದರೆ ಮೂರು ಸ್ಟಾಪ್ ಬೆಳಕು ಹೋಗುತ್ತದೆ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧ ಅರ್ಧ ಆಗುತ್ತದೆ), ಐಎಸ್ಒ 400 ಇದ್ದದ್ದು 3200 ಆಗುತ್ತದೆ. ಫೋಟೋ ತುಂಬಾ ಕಾಳು ಕಾಳು ಬರುತ್ತೆ ಎಂದು ಹೆದರುತ್ತಿದ್ದೆ. ಈಗ ಅನಿಸುತ್ತದೆ, ಕಾಳು ಬಂದರೆ ಸಾಫ್ಟ್‌ವೇರ್ ಇದೆ, ಅಥವಾ ಹಾಗೇ ಪ್ರಿಂಟ್ ಹಾಕಿದರೂ ಯಾರೂ ಕೇಳಲ್ಲ. ಒರೆಸಿಹೋದ ಕಣ್ಣನ್ನು ಯಾವ ಸಾಫ್ಟ್‌ವೇರೂ ನೆಟ್ಟಗೆ ವಾಪಸ್ ತರಲ್ಲ. ಇನ್ನೊಂದು ಹೊಟ್ಟೆಯುರಿಸುವ ಸಂಗತಿ ಕೇಳಿ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಎಲ್ಲವನ್ನೂ ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಕಪ್ಪು ನಾಯಿ ಫ್ರೇಮ್ ತುಂಬಿದರೆ ಸುಮ್ನೆ ಬೆಳಕು ಏರಿಸುತ್ತದೆ. ಎಕ್ಸ್‌ಪೋಷರ್ ಕಾಂಪನ್ಸೇಷನ್, ಅಂದರೆ ಬೆಳಕು ಏರಿಸಿ ಇಳಿಸುವ ಸೆಟ್ಟಿಂಗ್, ಮೈನಸ್ 1ಕ್ಕೆ ಇಳಿಸಿದ್ದರೆ ನಾಯಿ ಕಪ್ಪಾಗಿಯೇ ಇರುತ್ತಿತ್ತು, ಒಂದು ಸ್ಟಾಪ್ ಪುಕ್ಕಟೆಯಾಗಿ ನನಗೇ ಉಳಿಯುತ್ತಿತ್ತು.

ಅವರಿಗೆ ಹೇಗೋ ಹೇಳಿ ಇನ್ನೊಂದು ದಿನ ಕೇಳಿದೆ. ಒಪ್ಪಿದರು. ಅಷ್ಟರಲ್ಲಿ ನಾಯಿಯ ಕಾಲು ಬಿದ್ದುಹೋಗಿತ್ತು. ಹೆಸರು ಕೂಗಿದರೆ ಬಾಲ ಅಲ್ಲಾಡಿಸುತ್ತಿತ್ತು, ಏಳುತ್ತಿರಲಿಲ್ಲ. ಮಲಗಿದ್ದನ್ನೇ ತೆಗೆದೆ. ಚೆನ್ನಾಗೇ ಬಂತು, ದುಡ್ಡು ತಗೊಳ್ಳಲಿಲ್ಲ. ಅವರು ಒಂದು ಮಾತೂ ಅನ್ನಲಿಲ್ಲ, ಮತ್ತೆ ಯಾವ ಕೆಲಸಕ್ಕೂ ಕರೆಯಲೂ ಇಲ್ಲ.

ವಿಷಯ ಬಗೆಹರಿದದ್ದು ಹೂವಿನಿಂದ. ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಕುಂಡದಲ್ಲಿದ್ದ ಒಂದು ಹೂವಿನ ಫೋಟೋ ತೆಗೆಯುತ್ತಿದ್ದೆ. ಗಾಳಿ ಅಂಥದ್ದೇನೂ ಇರಲಿಲ್ಲ. ಫೋಟೋ ತೆರೆದರೆ ಕುಂಡದ ಅಂಚು ಚಾಕುವಿನಷ್ಟು ಹರಿತ, ಹೂವು ಒರೆಸಿದ ಹಾಗೆ. ಟ್ರೈಪಾಡ್ ಮೇಲೆ ಕೈ ನಡುಕ ಎಲ್ಲಿಂದ ಬಂತು? ತಕ್ಷಣ ನಾಯಿಯ ಫೋಟೋ ತೆರೆದು ಹುಲ್ಲು ನೋಡಿದೆ. ಎರಡೂ ಒಂದೇ ಕಾಯಿಲೆ.

ಅದಕ್ಕೇ ಹೇಳಿದ್ದು, ಒಂದನ್ನೇ ಹಿಡಿಯುತ್ತೀನಿ ಅನ್ನೋ ಯೋಚನೆಯೇ ಸರಿಯಿಲ್ಲ. ಪೋರ್ಟ್ರೇಟ್ ಒಂದನ್ನೇ ಮಾಡಿಕೊಂಡಿದ್ದರೆ ನನಗೆ ಇದು ಇವತ್ತಿಗೂ ಗೊತ್ತಾಗುತ್ತಿರಲಿಲ್ಲ. ಅಲ್ಲಿ ಜನ ನಮಗಾಗಿ ಅಲ್ಲಾಡದೆ ಕೂರುತ್ತಾರೆ, ನಮ್ಮ ತಪ್ಪು ಅವರ ಸಹನೆಯಲ್ಲಿ ಮುಚ್ಚಿಹೋಗುತ್ತದೆ. ಇದು ಹಳೇ ಅಭ್ಯಾಸ. ಫೋಟೋಗ್ರಫಿಯ ಮೊದಲ ದಶಕಗಳಲ್ಲಿ ಎಕ್ಸ್‌ಪೋಷರ್ (ಒಂದು ಫೋಟೋಗೆ ಬೆಳಕು ಬೀಳಬೇಕಾದ ಹೊತ್ತು) ಎಷ್ಟು ಉದ್ದ ಇರುತ್ತಿತ್ತೆಂದರೆ, ಸ್ಟುಡಿಯೋಗಳಲ್ಲಿ ಕುರ್ಚಿಯ ಹಿಂದೆ ಕಬ್ಬಿಣದ ಕಂಬಿ ನಿಲ್ಲಿಸಿ ತಲೆಗೆ ಆಸರೆ ಕೊಡುತ್ತಿದ್ದರು. ನಾಗಾಲೋಟದ ಕುದುರೆಯ ನಾಲ್ಕೂ ಕಾಲು ಒಂದು ಕ್ಷಣ ನೆಲ ಬಿಡುತ್ತವೆ ಎಂದು ಮೈಬ್ರಿಜ್ ಎಂಬ ಫೋಟೋಗ್ರಾಫರ್ ಫೋಟೋದಲ್ಲಿ ತೋರಿಸಿದ್ದು 1878ರಲ್ಲಿ. ಅದಕ್ಕೆ ಬೇಕಾದ ವೇಗದ ಶಟರನ್ನು ಹುಟ್ಟಿಸಿದ್ದೂ ಕುದುರೆಯೇ ಅನ್ನಬಹುದು. ಈಗ ನಾನು ಮಕ್ಕಳ ಪೋರ್ಟ್ರೇಟನ್ನು ನಾಯಿಯ ಸೆಟ್ಟಿಂಗಿನಲ್ಲೇ ತೆಗೆಯುತ್ತೇನೆ. 1/500ಕ್ಕೆ ಕಡಿಮೆ ಇಳಿಯಲ್ಲ. ಇತ್ತೀಚಿನ ಶೂಟ್‌ಗಳಲ್ಲಿ ನನಗೆ ಇಷ್ಟವಾದದ್ದೆಲ್ಲ ಮಗು ನಕ್ಕು ತಲೆ ಹಿಂದಕ್ಕೆ ಎಸೆದ ಹೊತ್ತಿನವು.

ನಿಮ್ಮ ಬೆಕ್ಕಿಗೆ ಬರೋಣ. ನೆಲಕ್ಕೆ ಇಳಿಯಿರಿ, ಹೊಟ್ಟೆ ಮೇಲೆ ಮಲಗಿದರೂ ಸರಿ. ಅಟ್ಟಿಸಿಕೊಂಡು ಹೋಗಬೇಡಿ. ಅದರ ಕಡೆ ನೋಡಿ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಿರಿ. ತಮಾಷೆ ಮಾಡ್ತಿಲ್ಲ. ಹಾಗೆ ಮಾಡಿದರೆ ಬೆಕ್ಕುಗಳೂ ಕಣ್ಣು ಕಿರಿದು ಮಾಡುತ್ತವೆ, ಹತ್ತಿರ ಬರಲೂ ಹೆಚ್ಚು ಒಪ್ಪುತ್ತವೆ ಎಂದು ಸಸೆಕ್ಸ್ ವಿಶ್ವವಿದ್ಯಾಲಯದವರ ಅಧ್ಯಯನವೇ 2020ರಲ್ಲಿ ಬಂದಿದೆ. ಎಫ್ 1.8 ಮೋಹ ಬಿಡಿ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 85 ಎಂಎಂ, ಒಂದೂವರೆ ಮೀಟರ್ ದೂರ, ಎಫ್ 1.8 ಅಂದರೆ ಸ್ಪಷ್ಟವಾಗಿ ಸಿಗುವ ಆಳ ಸುಮಾರು ಮೂರು ಸೆಂಟಿಮೀಟರ್. ಮನುಷ್ಯರ ಮುಖಕ್ಕೆ ಹೇಗೋ ಆಗುತ್ತೆ. ಉದ್ದ ಮೂತಿಯ ನಾಯಿಗೆ ಕಣ್ಣು ಸಿಕ್ಕರೆ ಮೂಗು ಹೋಯ್ತು, ಮೂಗು ಸಿಕ್ಕರೆ ಕಣ್ಣು ಹೋಯ್ತು. ಕಿಂಡಿ ಕಿರಿದು ಮಾಡಿ ಎಫ್ 5.6ಕ್ಕೆ ಹೋದರೆ ಹತ್ತು ಸೆಂಟಿಮೀಟರ್ ಸಿಗುತ್ತದೆ. ಫ್ಲ್ಯಾಶ್ ನೇರವಾಗಿ ಹೊಡೆಯಬೇಡಿ. ಅವುಗಳ ಕಣ್ಣಿನ ಹಿಂದೆ ಬೆಳಕನ್ನು ವಾಪಸ್ ಎಸೆಯುವ ಪದರ ಇದೆ, ಹಸಿರೋ ಹಳದಿಯೋ ಹೊಳೆಯುತ್ತದೆ. ರೆಡ್ ಐ ಸರಿಮಾಡುವ ಬಟನ್ ಹುಡುಕೋದು ಕೆಂಪನ್ನು, ಹಾಗಾಗಿ ಅದೂ ಕೈಕೊಡುತ್ತದೆ.

ಹೊಸ ಕ್ಯಾಮೆರಾದಲ್ಲಿ ಪ್ರಾಣಿಗಳ ಕಣ್ಣು ಹುಡುಕುವ ಆಟೋಫೋಕಸ್ ಇದೆಯಲ್ಲಾ, ಅದನ್ನೇ ತಗೊಳ್ಳಿ ಎಂದು ನಿಮಗೆ ಯಾರಾದರೂ ಹೇಳೇ ಹೇಳ್ತಾರೆ. ಸೋನಿ 2019ರಲ್ಲೇ ತನ್ನ ಕೆಲವು ಕ್ಯಾಮೆರಾಗಳಿಗೆ ಅದನ್ನು ಕೊಟ್ಟಿತು, ಮರುವರ್ಷ ಕ್ಯಾನನ್ ಆರ್5 ಬಂತು. ಒಳ್ಳೆಯದೇ, ನಾನೂ ಬಳಸುತ್ತೇನೆ. ಆದರೆ ಅದು ಕಣ್ಣನ್ನು ಹುಡುಕಿ ಕೊಡುತ್ತದೆ ಅಷ್ಟೇ. ಶಟರ್ 1/125ರಲ್ಲೇ ಇದ್ದರೆ, ಬರೋದು ಸರಿಯಾಗಿ ಫೋಕಸ್ ಆದ ಗೀರು.

ಹೂವಿಗೆ ಮೋಡದ ದಿನ ಹೋಗಿ, ಬೆಳಗ್ಗೆ ಗಾಳಿ ಏಳುವ ಮೊದಲು. ಹಾರುವ ಹಕ್ಕಿಗೆ 1/2000 ಇಟ್ಟು ಶುರು ಮಾಡಿ. ಕಪ್ಪು ನೀರಿನ ಮುಂದೆ ಬಿಳಿ ಬಕ ಸಿಕ್ಕರೆ ಎಕ್ಸ್‌ಪೋಷರ್ ಇಳಿಸಿ, ಇಲ್ಲದಿದ್ದರೆ ರೆಕ್ಕೆಯ ಗರಿಗಳು ಸುಣ್ಣ ಬಳಿದ ಹಾಗಾಗುತ್ತವೆ. ಗೂಡಿನ ಹತ್ತಿರ ಮಾತ್ರ ಸುಳಿಯಬೇಡಿ. ತಾಯಿ ಹಕ್ಕಿ ಗೂಡು ಬಿಟ್ಟು ಹೋಗಬಹುದು. ಅಂಥ ಫೋಟೋ ಎಷ್ಟೇ ಚೆನ್ನಾಗಿದ್ದರೂ ನನಗೆ ಬೇಡ.

ಲೆನ್ಸ್ ವಿಷಯ ಎರಡೇ ಮಾತು. ನಿಮ್ಮದು ಕ್ರಾಪ್ ಸೆನ್ಸರ್ (ಫುಲ್ ಫ್ರೇಮಿಗಿಂತ ಚಿಕ್ಕದು), ಹತ್ತಿರ ಇರೋದು 50 ಎಂಎಂ ಅಂದಿದ್ದೀರಿ. ಫುಲ್ ಫ್ರೇಮಿನಲ್ಲಿ ಹೆಚ್ಚು ಕಡಿಮೆ 75 ಎಂಎಂ ಲೆನ್ಸ್ ಕೊಡುವಷ್ಟೇ ನೋಟ ಕೊಡುತ್ತದೆ. ಮುಖಕ್ಕೂ ಸಾಕು, ಬೆಕ್ಕಿಗೂ ಸಾಕು. ದೂರದ ಹಕ್ಕಿ ಚುಕ್ಕೆಯ ಹಾಗೆ ಕಾಣುತ್ತಿದೆ ಅನ್ನೋದೊಂದೇ ನಿಜವಾಗಿ ಲೆನ್ಸಿನ ತೊಂದರೆ. ಅದಕ್ಕೆ 400 ಎಂಎಂ ಆಸುಪಾಸಿನದು ಬೇಕು. ಅದನ್ನೂ ಮೊದಲು ಬಾಡಿಗೆಗೆ ತಂದು ನೋಡಿ, ಆ ಭಾರ ಹೊತ್ತು ಓಡಾಡೋದು ಎಲ್ಲರಿಗೂ ಆಗಲ್ಲ. ಅದಕ್ಕೂ ಮುಂಚೆ ಹಾಳಾದ ಬೆಕ್ಕಿನ ಫೋಟೋಗಳನ್ನೆಲ್ಲ ತೆರೆದು, ವಿವರದಲ್ಲಿ ಶಟರ್ ಸ್ಪೀಡ್ ಎಷ್ಟಿದೆ ನೋಡಿ. ಬೆಕ್ಕು ಕೂತಿರುವ ಚಾಪೆ ಸ್ಪಷ್ಟವಾಗಿದೆಯಾ ಅಂತಲೂ ನೋಡಿ. ಚಾಪೆಯೂ ಮಸುಕಾಗಿದ್ದರೆ ಇಲ್ಲೇ ಬರೆಯಿರಿ, ಆಗ ಬೇರೆ ಏನೋ ಇರಬೇಕು.