ಐದು ವರ್ಷ ಓದಿಯೂ ನೌಕರಿ ಆಗದವನಿಗೆ ಬೆಲೆ ಏನು?

"ಐದು ವರ್ಷದಿಂದ ಸರ್ಕಾರಿ ನೌಕರಿಗೆ ಓದುತ್ತಿದ್ದೇನೆ, ಒಂದೂ ಆಗಲಿಲ್ಲ. ಮನೆಯವರಿಗೆ ಮುಖ ತೋರಿಸಲಾಗುತ್ತಿಲ್ಲ. ನನಗೆ ಬೆಲೆ ಏನು ಉಳಿದಿದೆ?" ಅಂತ ಕೇಳಿದ್ದೀರಿ. ಕೇಳಿದ್ದು ರಾತ್ರಿ 2.40ಕ್ಕೆ. ಆ ಹೊತ್ತಿನ ಪರಿಚಯ ನನಗೂ ಇದೆ.

ನಾನು ಜೇವರ್ಗಿ ತಾಲ್ಲೂಕಿನವನು. ಕಲಬುರಗಿಯಲ್ಲಿ ಮೂವರು ಸೇರಿ ರೂಮ್ ಮಾಡಿಕೊಂಡು ಓದುತ್ತಿದ್ದೆವು. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಬರೆದೆ, ಪಟ್ಟಿಯಲ್ಲಿ ಹೆಸರಿರಲಿಲ್ಲ. ಅಕ್ರಮದ ಕಾರಣಕ್ಕೆ 2022ರ ಏಪ್ರಿಲ್‌ನಲ್ಲಿ ಆ ಪರೀಕ್ಷೆಯೇ ರದ್ದಾದಾಗ, ಖರೇ ಹೇಳ್ತೀನಿ, ಖುಷಿಯಾಯಿತು. ಕಷ್ಟಪಟ್ಟು ಪಾಸಾಗಿದ್ದ ಹುಡುಗರು ಅಳುತ್ತಿದ್ದರು, ನಾನು ಒಳಗೊಳಗೇ ನಗುತ್ತಿದ್ದೆ. ಎಂಥಾ ಮನುಷ್ಯನಾಗಿಬಿಟ್ಟೆ ಅಂತ ಮರುದಿನ ನಾಚಿಕೆಯಾಯಿತು. ಮರುಪರೀಕ್ಷೆ 2024ರ ಜನವರಿಯಲ್ಲಿ ನಡೆಯಿತು. ಅದರಲ್ಲೂ ಆಗಲಿಲ್ಲ.

ನಮ್ಮ ಕಡೆ ಓದುವ ಮಕ್ಕಳಿಗೆ ಊರಿನಿಂದ ಬಸ್ಸಿನಲ್ಲಿ ಬುತ್ತಿ ಬರುತ್ತದಲ್ಲ, ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ. ಫಲಿತಾಂಶ ಬಂದ ವಾರ ನಾನು ಬಸ್ ಸ್ಟ್ಯಾಂಡಿಗೆ ಹೋಗಲೇ ಇಲ್ಲ. ತಿನ್ನೋ ಯೋಗ್ಯತೆ ಇಲ್ಲ ಅನ್ನಿಸಿತ್ತು. ಗಂಟು ಬಿಚ್ಚದೆ ಹಾಗೇ ಊರಿಗೆ ವಾಪಸಾಯಿತು. ಮುಂದಿನ ವಾರ ಮತ್ತೆ ಬಂತು. ಅದರ ಮುಂದಿನ ವಾರವೂ. ಅವ್ವ ಒಂದು ಮಾತು ಕೇಳಲಿಲ್ಲ.

ನಿದ್ದೆ ಪೂರ್ತಿ ಹೋಗಿತ್ತು. ರೂಮಿನ ಗೆಳೆಯ ಜುಲುಮಿ ಮಾಡಿ 14416ಕ್ಕೆ ಫೋನ್ ಹಚ್ಚಿ ಕೈಗೆ ಕೊಟ್ಟ. ಟೆಲಿ ಮಾನಸ್ ಅದು, ಮನಸ್ಸಿನ ತೊಂದರೆಗೆ ಸರ್ಕಾರ ನಡೆಸುವ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಅವರು ಡಾಕ್ಟರ ಹತ್ತಿರ ಹೋಗು ಅಂದರು, ಹೋದೆ. ಗುಳಿಗೆಯ ಗುಣ ತಿಳಿಯಲು ಎರಡು ಮೂರು ವಾರವಾದರೂ ಬೇಕು, ನಾಲ್ಕನೇ ದಿನಕ್ಕೆ ಬಿಟ್ಟುಬಿಡಬೇಡಿ. ಸಾಯಬೇಕು ಅನ್ನಿಸುತ್ತಿದ್ದರೆ ನನ್ನ ಉಳಿದ ಪುರಾಣ ಆಮೇಲೆ ಓದಿ, ಮೊದಲು ಆ ನಂಬರ್ ಒತ್ತಿ.

ಮುಂದಿನ ತೊಗರಿ ಸೀಜನ್ನಿಗೆ ಗಂಜ್‌ನ, ಅಂದರೆ ಕಾಳುಕಡಿ ಮಾರುಕಟ್ಟೆಯ, ಒಂದು ಅಡತಿ (ದಲ್ಲಾಳಿ) ಅಂಗಡಿಯಲ್ಲಿ ಲೆಕ್ಕ ಬರೆಯಲು ಸೇರಿದೆ. ಡಿಗ್ರಿ ಮುಗಿಸಿ ಇದಾ ಅಂತ ಮೊದಲ ವಾರ ತಲೆ ತಗ್ಗಿಸಿಕೊಂಡೇ ಕುಳಿತಿದ್ದೆ. ಒಂದು ದಿನ ಮುದುಕರೊಬ್ಬರು ತೊಗರಿ ಮಾರಿದ್ದಕ್ಕೆ ಬೇರೆ ಅಂಗಡಿಯವರು ಕೊಟ್ಟ ತೂಕದ ಚೀಟಿ ತಂದು "ಇದೇನ್ ಬರ್ದಾರ ನೋಡಪಾ" ಅಂದರು. 12 ಕ್ವಿಂಟಲ್‌ಗೆ ಶೇಕಡಾ 2 ಕಡಿತ ಅಂದರೆ 24 ಕಿಲೋ. ಬರೆದದ್ದು 42. ಬೇಕಂತಲೇ ಬರೆದರೋ, ಕೈ ತಪ್ಪಿತೋ, ನನಗೆ ಗೊತ್ತಿಲ್ಲ. ಅವರು ಹೋಗಿ ಕೇಳಿ, ಸರಿ ಮಾಡಿಸಿಕೊಂಡು ಬಂದು, ಚಹಾ ಕುಡಿಸಿದರು. ಐದು ವರ್ಷ ಹಾಳು ಮಾಡಿದೆ ಅಂದುಕೊಂಡಿದ್ದ ಶೇಕಡಾವಾರು ಲೆಕ್ಕ ಅವತ್ತು 18 ಕಿಲೋ ತೊಗರಿ ಉಳಿಸಿತ್ತು. ಮರುದಿನ ಅವರ ಊರಿನ ಇನ್ನಿಬ್ಬರು ಚೀಟಿ ಹಿಡಿದು ನನ್ನನ್ನೇ ಹುಡುಕಿಕೊಂಡು ಬಂದರು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಹಿಂದೊಮ್ಮೆ ನಮ್ಮ ಹೊಲದ ತೊಗರಿ ನೆಟೆ ರೋಗಕ್ಕೆ ಹೋಗಿತ್ತು. ಮಣ್ಣಿನ ಶಿಲೀಂಧ್ರ ಬೇರಿಗೆ ಇಳಿದರೆ ಹೂವು ಕಾಯಿ ಹಿಡಿಯೋ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. ಅಪ್ಪ ಮರುವರ್ಷ ರೋಗ ತಡೆಯುವ ಟಿಎಸ್-3ಆರ್ ಬೀಜ ತಂದ, ನಡುವೆ ಜೋಳದ ಸಾಲು ಹಾಕಿದ. ನಾನೇನು ತೊಗರಿ ಗಿಡ ಅಲ್ಲ, ಈ ಹೋಲಿಕೆ ಬಹಳ ಜಗ್ಗಿದರೆ ಹರಿಯುತ್ತದೆ. ಆದರೆ ನಾನು ನನ್ನನ್ನು ಬೈದುಕೊಂಡಷ್ಟು ಅಪ್ಪ ಆ ಹೊಲವನ್ನು ಯಾವತ್ತೂ ಬೈದಿಲ್ಲ.

ಈಗಲೂ ಪರೀಕ್ಷೆ ಬರೆಯುತ್ತೇನೆ, ಬೆಳಿಗ್ಗೆ ಎರಡು ತಾಸು ಓದು, ಆಮೇಲೆ ಕೆಲಸ.

ಮೊದಲ ಪಗಾರದಲ್ಲಿ ಐದು ಕಿಲೋ ಬೇಳೆ ಕೊಂಡು, ಖಾಲಿ ಬುತ್ತಿ ಡಬ್ಬಿಯ ಜೊತೆ ಅದೇ ಬಸ್ಸಿಗೆ ಹಾಕಿದೆ. ಸಂಜೆ ಅವ್ವನ ಫೋನ್: "ತೊಗರಿ ಬೆಳಿಯೋರ ಮನಿಗಿ ಬ್ಯಾಳಿ ಕಳಸ್ಯಾನ, ನೋಡ್ರಿ ನನ್ನ ಶಾಣ್ಯಾ ಮಗ!" ಹಿಂದೆ ಅಪ್ಪ ನಗುತ್ತಿದ್ದದ್ದು ಕೇಳಿಸಿತು.